ಪಾಯಿಂಟ್ ಆರು

ಸುಂಟಿಕೊಪ್ಪದ ಉಬೈದಿಕ್ಕ ರೇಡಿಯೋ ರಿಪೇರಿಯವರು.
ಯಾವುದೋ ಗುಜರಿ ಆಟೋದಿಂದ ಕಿತ್ತ ಸ್ಪೀಕರನ್ನು
ತೋಟದ ತೂಕದ ಯಂತ್ರಕ್ಕೆ ಬೆಸೆದು ಕೊಟ್ಟರು.
"ದಮಯಂತೀ, ಇನ್ನು ಇದು ಬಾಯಿಬಿಟ್ಟು ಹೇಳುತ್ತೆ."
ಸೊನ್ನೆಯಿಂದ ಒಂಬತ್ತು, ಮೇಲೊಂದು ಪಾಯಿಂಟ್:
ಹನ್ನೊಂದೇ ಮಾತು ಅದರ ಹೊಟ್ಟೆಯಲ್ಲಿ.
ದನಿ ಅವರ ಮಗಳು ರಫಿಯಾಳದು, ಐದನೇ ಕ್ಲಾಸು.
ಹೇಳಿಸಿದ ದಿನ ಅವಳಿಗೆ ನೆಗಡಿ,
ಹಾಗಾಗಿ ಏಳು ಬಂದಾಗಲೆಲ್ಲ
ಸೊರ್ರೆಂದು ಮೂಗೆಳೆಯುವ ಸದ್ದೂ ಬರುತ್ತದೆ,
ತೂಕದ ಜೊತೆ, ಪುಕ್ಕಟೆ.

ನನ್ನ ಕಣ್ಣು ಒಮ್ಮೆಗೇ ಹೋದದ್ದಲ್ಲ.
ಮೊದಲು ಸಂಜೆಗಳು ಹೋದವು,
ಆಮೇಲೆ ಅಕ್ಕಪಕ್ಕ,
ಕೊನೆಗೆ ಲೋಟದ ತಳದಷ್ಟು ಉಳಿದಿದ್ದ ನಡುವಿನ ಬೆಳಕು.
ಇಪ್ಪತ್ತು ವರ್ಷ ಈ ಕಣದಲ್ಲಿ ಕಾಫಿ ಹರಡಿದವಳು;
ಹಣ್ಣೆಷ್ಟು, ಅವಸರಕ್ಕೆ ಸೇರಿದ ಹಸಿರುಕಾಯೆಷ್ಟು,
ಅಂಗೈ ಹೇಳುತ್ತದೆ. ತೂಕವೊಂದನ್ನು ಹೇಳುತ್ತಿರಲಿಲ್ಲ.
ಎಲ್ಲರೂ ಕೆಂಪಂಕಿ ಎನ್ನುವ ಕಡೆ
ಬೆರಳಿಟ್ಟರೆ ಬರೀ ಗಾಜು.

ಜನವರಿ. ರೋಬಸ್ಟಾ ಕೊಯ್ಲು. ನಾಲ್ಕು ಗಂಟೆಗೆ ಸಾಲು.
ಮೊದಲು ಚೋಮಿ. ಚೀಲ ಕೊಕ್ಕೆಗೆ ಬಿತ್ತು.
ನಾಲ್ಕು. ಎರಡು. ಪಾಯಿಂಟ್. ಆರು.
ಸಾಲಿನ ಮಾತು ನಿಂತಿತು.
ಎಲ್ಲೋ ಒಂದು ಮಗು ಕೆಮ್ಮಿತು.
"ಆ ಕೊನೇದು ಏನಕ್ಕ?"
"ಆರು."
"ಅದೂ ನಂದಾ?"

ಹಿಂದಿನ ರೈಟರಿಗೆ ಎರಡು ಕಣ್ಣೂ ಚೆನ್ನಾಗಿದ್ದವು.
ಯಂತ್ರದ ಮುಖ ಅವರ ಕಡೆಗೇ ತಿರುಗಿರುತ್ತಿತ್ತು;
ನಲವತ್ತೆರಡು ಅಂದರೆ ನಲವತ್ತೆರಡು.
ಚುಕ್ಕಿಯ ಆಚೆಗಿನದು ಎಲ್ಲಿಗೆ ಹೋಗುತ್ತಿತ್ತೋ
ನಾನು ಕಂಡವಳಲ್ಲ, ಹೇಳಲಾರೆ.
ಒಂದು ಚೀಲಕ್ಕೆ ಅರ್ಧ ಕಿಲೋ ಹಿಡಿ,
ಅರವತ್ತು ಜನ, ಎಪ್ಪತ್ತು ದಿನ...
ಚೋಮಿಯ ಮಗ ಇದ್ದಿಲು ತೆಗೆದುಕೊಂಡು
ಲೈನ್ ಮನೆಯ ಗೋಡೆಯ ಮೇಲೆ ಗುಣಿಸಿದನಂತೆ.
ಗೋಡೆ ಈಗಲೂ ಹಾಗೇ ಇದೆಯಂತೆ.
ಸುಣ್ಣ ಹೊಡೆಯಲು ಬಂದವರನ್ನು
ಹೆಂಗಸರು ಚಹಾ ಕೊಟ್ಟು ವಾಪಸು ಕಳಿಸಿದರು.

ಅಸ್ಸಾಮಿನ ಮೊಯ್ನುಲ್ ಕಲಿತ ಮೊದಲ ಕನ್ನಡ
ಇದೇ ಹನ್ನೊಂದು ಮಾತು, ನೆಗಡಿ ಸಮೇತ.
ಅಂಗಡಿಯಲ್ಲಿ ಏಳು ರೂಪಾಯಿ ಎನ್ನುವಾಗ
ಅವನೂ ಮೂಗೆಳೆಯುತ್ತಾನೆ.

ಬರೆದಿಡುವುದು ನನ್ನ ಫೋನು. ಅದಕ್ಕೆ ಬೇರೆ ದನಿ,
ರೈಲು ಬರುತ್ತಿದೆ ಎಂದು ಸಾರುವ ಹೆಂಗಸಿನದು;
ಕೊಡಗಿಗೆ ರೈಲೇ ಇಲ್ಲ, ಅವಳಿಗೇನು ಗೊತ್ತು.
ನಾನು ಚೋಮಿ ಅಂದರೆ ಸ್ವಾಮಿ ಎಂದು ಬರೆದುಕೊಂಡು
ಭಕ್ತಿಯಿಂದ ಓದಿ ಹೇಳುತ್ತಾಳೆ.
ಒಂದು ವಾರದ ಕೂಲಿ ಯಾವ ದೇವರಿಗೋ ಹೋಗಲಿತ್ತು.
ತಿದ್ದುತ್ತೇನೆ. ದಿನಾ ತಿದ್ದುತ್ತೇನೆ.

ಆನೆ ಕಂಬ ಉರುಳಿಸಿದ ಮರುದಿನ ಕರೆಂಟಿಲ್ಲ.
ಬ್ಯಾಟರಿ ಇಳಿಯುತ್ತಾ ಇಳಿಯುತ್ತಾ
ಸಂಜೆಯೊಳಗೆ ರಫಿಯಾ ಮುದುಕಿಯಾದಳು,
ಪಾ...ಯಿಂ...ಟ್ ಎನ್ನುವಷ್ಟರಲ್ಲಿ
ಜೀವವೇ ಹೋಯಿತು ಅಂದುಕೊಂಡೆವು.
ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದವರು
ಎಂದೂ ಕರೆಯದೆ ಹತ್ತಿರ ಬಾರದ ಗಂಡಸರು.

ಮ್ಯಾನೇಜರು ಮೆಲ್ಲಗೆ ಕೇಳಿದರು:
"ವಾಲ್ಯೂಮ್ ಸ್ವಲ್ಪ ಕಡಿಮೆ ಆಗಲ್ವಾ?
ನಿನಗೊಬ್ಬಳಿಗೆ ಕೇಳಿದರೆ ಸಾಕಲ್ಲ."
ಮರುವಾರ ಇಯರ್‌ಫೋನ್ ತಂದುಕೊಟ್ಟರು, ಹೊಸದು.
ಕೆಟ್ಟ ಮನುಷ್ಯರಲ್ಲ. ಕಣ್ಣಿಲ್ಲದವಳನ್ನು
ತೂಕಕ್ಕೆ ಕೂರಿಸಿದವರೂ ಅವರೇ.
ಥ್ಯಾಂಕ್ಸ್ ಸಾರ್ ಅಂದು ಡ್ರಾಯರಿನಲ್ಲಿಟ್ಟೆ,
ದಬ್ಬಣ, ಹುರಿಯುಂಡೆ, ಮೊಂಡು ಪೆನ್ಸಿಲಿನ ಜೊತೆ.
ಕಿವಿ ನೋಯುತ್ತೆ ಅಂದೆ.
ಸುಳ್ಳು. ಕಬ್ಬಿಣದ ಕಿವಿ ನನ್ನದು.

ನಾಲ್ಕು ಗಂಟೆ. ಪಲ್ಪರಿನ ಹುಳಿ ವಾಸನೆ.
ರಫಿಯಾ ಈಗ ಹೈಸ್ಕೂಲು, ದನಿ ಬಲಿತಿದೆ,
ಹೊಸದಾಗಿ ಹೇಳಿಕೊಡಲಾ ಅಂತ ಕೇಳಿದ್ದಾಳೆ.
ಯಾರೂ ಒಪ್ಪಲಿಲ್ಲ.
ಚೋಮಿ ಚೀಲ ನೇತುಹಾಕಿ ಕೈ ಬಿಡುತ್ತಾಳೆ.
ಮೂರು. ಏಳು, ಸೊರ್. ಪಾಯಿಂಟ್.
ಇಲ್ಲಿ ಯಂತ್ರ ಅರೆಗಳಿಗೆ ಉಸಿರು ಹಿಡಿಯುತ್ತದೆ,
ಅರವತ್ತು ಜನವೂ.